ನಗಿಸುವ ಹಾಡಿಗೆ ಹಲ್ಲಿಲ್ಲವೆ?

ಪಂಕ್ ರಾಕ್ ಎಂದರೆ ಬರೀ ಸಿಟ್ಟಿನ ಸಂಗೀತ ಎಂದು ತಿಳಿದವರೇ ಹೆಚ್ಚು. ರಾಣಿ ಎಲಿಜಬೆತ್ ಆಳ್ವಿಕೆಯ ಬೆಳ್ಳಿಹಬ್ಬದ ವರ್ಷ, 1977ರಲ್ಲಿ, ಸೆಕ್ಸ್ ಪಿಸ್ಟಲ್ಸ್ ತಂಡದ ಹಾಡನ್ನು ಬಿಬಿಸಿ ನಿಷೇಧಿಸಿದ್ದು ಎಲ್ಲರ ನೆನಪಿನಲ್ಲಿದೆ. ಅದೇ ಸಂಗೀತದ ತುಂಟತನ ಮಾತ್ರ ಮರೆತುಹೋಗಿದೆ. ನ್ಯೂಯಾರ್ಕಿನ ರಮೋನ್ಸ್ ತಂಡದ ಹುಡುಗರು ಒಡಹುಟ್ಟಿದವರಲ್ಲದಿದ್ದರೂ ಎಲ್ಲರೂ ಒಂದೇ ಅಡ್ಡಹೆಸರು ಇಟ್ಟುಕೊಂಡು, 1976ರ ತಮ್ಮ ಮೊದಲ ಆಲ್ಬಮ್ಮಿನ 14 ಹಾಡುಗಳನ್ನು ಅರ್ಧ ಗಂಟೆಯೊಳಗೆ ಹಾಡಿ ಮುಗಿಸಿದರು. ಡೆಡ್ ಕೆನಡೀಸ್ ತಂಡದ ಜೆಲ್ಲೊ ಬಿಯಾಫ್ರಾ 1979ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಮೇಯರ್ ಚುನಾವಣೆಗೆ ನಿಂತು, ದೊಡ್ಡ ವ್ಯಾಪಾರಸ್ಥರು ವಿದೂಷಕರ ವೇಷ ಹಾಕಿಕೊಂಡೇ ಊರೊಳಗೆ ಓಡಾಡಬೇಕೆಂದು ಸಾರಿದ. ನಾಲ್ಕನೆಯ ಸ್ಥಾನವನ್ನೂ ಪಡೆದ. ಇಂಥ ನಗೆಯಿಂದ ಪ್ರತಿಭಟನೆಯ ಕಾವು ಇಳಿಯುತ್ತದೆ ಎನ್ನುವವರಿದ್ದಾರೆ. ಕಾವು ಜನರಿಗೆ ತಟ್ಟುವುದೇ ನಗೆಯಿಂದ ಎಂಬುದು ನನ್ನ ವಾದ. ಸಾಕ್ಷಿಗೆ ದೂರ ಹೋಗಬೇಕಿಲ್ಲ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯೇ ಸಾಕು.

ಲಾವಣಿ ಹಾಡುವ ಇಲ್ಲಿಯ ಗೀಗೀ ಮೇಳವನ್ನು ನೋಡಿ. ಮುಂದಿನವ ದಪ್ಪು ಬಡಿಯುತ್ತ ನುಡಿ ಎತ್ತುತ್ತಾನೆ. ಬೆನ್ನಿಗೆ ನಿಂತ ಇಬ್ಬರು ತುಂತುಣಿ, ತಾಳ ಹಿಡಿದು ‘ಗೀ ಗೀ’ ಎಂದು ದನಿ ಎಳೆಯುತ್ತಾರೆ. ತುಂತುಣಿಗೆ ಇರುವುದು ಒಂದೇ ತಂತಿ. ಮೂರು ಸ್ವರಮೇಳ ಕಲಿತರೆ ಸಾಕು, ತಂಡ ಕಟ್ಟಬಹುದು ಎಂದ ಪಂಕ್ ಹುಡುಗರಿಗೂ ಇವರಿಗೂ ಇಲ್ಲಿ ನಂಟಿದೆ. ವಾದ್ಯ ಅಗ್ಗವಾದಷ್ಟೂ ಹಾಡುವವನಿಗೆ ಧಣಿಯ ಹಂಗು ಕಡಿಮೆ, ನಾಲಿಗೆ ಸಡಿಲ. ಹಾಗಾಗಿಯೇ ಇಲ್ಲಿ ಹಾಡಿಗೆ ಹೊರತಾದ ವಿಷಯವೇ ಇರಲಿಲ್ಲ. ಬ್ರಿಟಿಷ್ ಅಧಿಕಾರಿ ಜೆ. ಎಫ್. ಫ್ಲೀಟ್ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದ ಕನ್ನಡ ಲಾವಣಿಗಳಲ್ಲಿ ಸಂಗೊಳ್ಳಿ ರಾಯಣ್ಣನ ಬಂಡಾಯವಿದೆ, ಬೈಲಹೊಂಗಲದ ಸಂಗ್ಯಾನ ಕೊಲೆಯಿದೆ, ಅವುಗಳ ಜೊತೆಗೇ ಇನ್‌ಕಮ್ ಟ್ಯಾಕ್ಸಿನ ಮೇಲೂ ಒಂದು ಹಾಡಿದೆ! ಸರಕಾರದ ತೆರಿಗೆಯೂ ತುಂತುಣಿಯ ತಂತಿಗೆ ಬಂತು. ಮುಂದೆ ರಾಮದುರ್ಗ ತಾಲೂಕಿನ ಹುಲಕುಂದದ ಭೀಮಕವಿ ಇದೇ ಮಟ್ಟನ್ನು ಸ್ವಾತಂತ್ರ್ಯ ಚಳವಳಿಗೆ ದುಡಿಸಿಕೊಂಡರು. ಭಾಷಣಕ್ಕೆ ಕೂಡದ ಮಂದಿ ಹಾಡಿಗೆ ಕೂಡುತ್ತಾರೆ, ನಗೆ ಇದ್ದರೆ ರಾತ್ರಿಯಿಡೀ ಕೂಡುತ್ತಾರೆ.

ನಕ್ಕು ಮನೆಗೆ ಹೋದವನ ಸಿಟ್ಟು ಅಲ್ಲಿಗೇ ಆರುತ್ತದೆ, ಆಳುವವರಿಗೆ ಅದರಿಂದ ಅನುಕೂಲವೇ, ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ನಗೆಯಿಂದ ಗಾಂಭೀರ್ಯ ಕರಗುತ್ತದೆ ಎಂಬುದನ್ನು ಅದೇ ಸಂಗ್ಯಾನ ಕತೆಯ ‘ಸಂಗ್ಯಾ-ಬಾಳ್ಯಾ’ ಸಣ್ಣಾಟ ಒಪ್ಪುವುದಿಲ್ಲ. ಅಲ್ಲಿ ಪಾರಮ್ಮನ ಚಾಲಾಕಿ ಮಾತಿಗೆ ನಕ್ಕ ಜನವೇ ಗೆಳೆಯನ ದ್ರೋಹ, ಕೊಲೆಯ ಹೊತ್ತಿಗೆ ಗಪ್ಪಾಗುತ್ತಾರೆ. ಮೊದಲು ನಕ್ಕಿದ್ದರಿಂದಲೇ ಆ ಪಾತ್ರಗಳು ತಮ್ಮ ಓಣಿಯವರಂತೆ ಹತ್ತಿರವಾಗಿರುತ್ತವೆ. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಆಕ್ಷೇಪ. ನಗೆ ಎಷ್ಟೋ ಸಲ ಬಡವರ ಮೇಲೆ, ಹೆಣ್ಣಿನ ಮೇಲೆ, ಕೆಳಗಿನ ಜಾತಿಯವರ ಮೇಲೆ ಬೀಳುತ್ತದೆ. ಇದು ನಿಜ. ಸವದತ್ತಿ ಗುಡ್ಡದಲ್ಲಿ ಎಲ್ಲಮ್ಮನ ಸೇವೆಯ, ಹೆಣ್ಣುಡುಗೆಯ ಜೋಗಪ್ಪನನ್ನು ಕಂಡು ಹಲ್ಲು ಕಿಸಿಯುವವನ ನಗೆ ಬೇರೆ, ಚೌಡಿಕೆ ವಾದ್ಯ ಹಿಡಿದ ಜೋಗಪ್ಪ ಸೇರಿದವರನ್ನು ನಗಿಸುವುದು ಬೇರೆ. ಮೊದಲನೆಯದು ಕ್ರೌರ್ಯವೇ ಸೈ. ಇವೆರಡನ್ನೂ ಬೇರ್ಪಡಿಸುವ ಒರೆಗಲ್ಲು ಹರದೇಶಿ-ನಾಗೇಶಿ ವಾದದಲ್ಲಿ ಸಿಗುತ್ತದೆ. ಹರದೇಶಿಯವರು ಗಂಡು ಹೆಚ್ಚೆಂದು ಹಾಡಿ ಎದುರಿನವರನ್ನು ಛೇಡಿಸಿದರೆ, ನಾಗೇಶಿಯವರು ಹೆಣ್ಣು ಹೆಚ್ಚೆಂದು ಅದೇ ಮಟ್ಟಿನಲ್ಲಿ ತಿರುಗಿಸಿ ಕೊಡುತ್ತಾರೆ. ಚುಚ್ಚಿಸಿಕೊಂಡವರಿಗೆ ಅದೇ ವೇದಿಕೆ, ಅದೇ ದಪ್ಪು, ಅಷ್ಟೇ ಹೊತ್ತು. ಮರುಮಾತಿಗೆ ಅವಕಾಶವಿರುವ ಗೇಲಿಯೇ ನ್ಯಾಯದ ಗೇಲಿ. ಪಂಕ್ ಸಂಗೀತದಲ್ಲಿ ಹುಡುಗಿಯರು ತಮ್ಮದೇ ತಂಡ ಕಟ್ಟಿ ಗಂಡಸರ ಗತ್ತನ್ನು ಅಣಕಿಸಿದಾಗ ನಡೆದದ್ದೂ ಇದೇ.

ಆದ್ದರಿಂದ ಜಾತ್ರೆ, ಉತ್ಸವ ನಡೆಸುವವರಲ್ಲಿ ಒಂದು ಕೇಳಿಕೆ. ಗೀಗೀ ಮೇಳವನ್ನು ಕರೆದು ಹತ್ತು ನಿಮಿಷದ ದೇಶಭಕ್ತಿಯ ಪದ ಒಂದನ್ನು ಹಾಡಿಸಿ, ಶಾಲು ಹೊದಿಸಿ ಕಳಿಸಬೇಡಿ. ಎದುರು ಮೇಳವನ್ನೂ ಕರೆಯಿರಿ, ಇಬ್ಬರಿಗೂ ರಾತ್ರಿ ಬಿಟ್ಟುಕೊಡಿ, ಮುಂದಿನ ಸಾಲಿನಲ್ಲಿ ಕುಳಿತ ದೊಡ್ಡವರನ್ನು ಚುಚ್ಚಿದರೂ ಮೈಕು ಬಂದ್ ಮಾಡಬೇಡಿ.