ಮರ ಎಣಿಸಿದರೆ ಸಾಲದು, ವಂಶವನ್ನೂ ಎಣಿಸಬೇಕು



ಲೋಕದಲ್ಲಿ ಅತಿ ಎತ್ತರದ ಮರ ಯಾವುದೆಂದು ಮಕ್ಕಳು ಕೇಳಿದರೆ ರೆಡ್‌ವುಡ್ ಎಂದು ನಾವು ಹೇಳಿಕೊಡುತ್ತೇವೆ. ತಿರುಳು ಕೆಂಪಾದುದರಿಂದ ಅದಕ್ಕೆ ಆ ಹೆಸರು. ಅಮೇರಿಕೆಯ ಪಶ್ಚಿಮ ಕರಾವಳಿಯಲ್ಲಿ, ಓರೆಗಾನ್ ರಾಜ್ಯದ ನೈಋತ್ಯ ಮೂಲೆಯಿಂದ ತೊಡಗಿ ಕ್ಯಾಲಿಫೋರ್ನಿಯಾದ ನಡುಭಾಗದ ವರೆಗೆ, ಸುಮಾರು 450 ಮೈಲು ಉದ್ದದ ಕಿರಿದಾದ ಪಟ್ಟಿಯಲ್ಲಿ ಮಾತ್ರ ಇದು ತಾನಾಗಿ ಬೆಳೆಯುತ್ತದೆ. 2006ರಲ್ಲಿ ಪತ್ತೆಯಾದ ‘ಹೈಪೀರಿಯನ್’ ಎಂಬ ಮರದ ಎತ್ತರ 380 ಅಡಿ. ಅರುವತ್ತು ಅಡಿಯ ಆರು ಅಡಿಕೆಮರಗಳನ್ನು ಒಂದರ ತಲೆಯ ಮೇಲೊಂದು ನಿಲ್ಲಿಸಿದರೂ ಅದರ ತುದಿ ಮುಟ್ಟದು. ಕೆಲವು ಮರಗಳ ಪ್ರಾಯ ಎರಡು ಸಾವಿರ ವರುಷಕ್ಕೂ ಮಿಕ್ಕಿದೆ.

1849ರಲ್ಲಿ ಚಿನ್ನದ ಆಸೆಯಿಂದ ಜನರು ಆ ನಾಡಿಗೆ ನುಗ್ಗಿದಂದಿನಿಂದ ಈ ಕಾಡಿನ ಮೇಲೆ ಕೊಡಲಿ ಗರಗಸಗಳ ಕೆಲಸ ಜೋರಾಯಿತು. ಹಳೆಯ ಕಾಡಿನಲ್ಲಿ ಇಂದು ಉಳಿದುದು ನೂರಕ್ಕೆ ಐದು ಪಾಲು ಮಾತ್ರ. ಇದನ್ನು ಕಾಪಾಡಲೆಂದು 1918ರಲ್ಲಿ ‘ಸೇವ್ ದಿ ರೆಡ್‌ವುಡ್ಸ್ ಲೀಗ್’ ಎಂಬ ಸಂಸ್ಥೆ ಹುಟ್ಟಿತು. 1968ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು.

‘ಕಡಿದರೂ ಚಿಗುರುವ ಮರಕ್ಕೆ ಇಷ್ಟು ಚಿಂತೆಯೇಕೆ?’ ಎಂದು ಕೆಲವರು ಕೇಳಬಹುದು. ಚಿಗುರುವುದು ನಿಜ. ಅದರ ಬುಡದಲ್ಲಿಯೂ ತೊಗಟೆಯ ಅಡಿಯಲ್ಲಿಯೂ ಕಣ್ಣುಗಳು ಅಡಗಿರುತ್ತವೆ. 2020ರಲ್ಲಿ ಸಿಡಿಲಿನಿಂದ ಹತ್ತಿದ ಬೆಂಕಿ ಬಿಗ್ ಬೇಸಿನ್ ಎಂಬ ಉದ್ಯಾನದ ಬಹುಪಾಲನ್ನು ಸುಟ್ಟಿತು. ಆದರೂ ಕರಿಹಿಡಿದ ಕಾಂಡಗಳ ಮೇಲೆ ಹಸುರು ಕಾಣಿಸಿಕೊಂಡಿತು. ಕಡಿದ ಬುಡದ ಸುತ್ತಲೂ ಬಳೆಯಂತೆ ಹೊಸ ಮರಗಳು ಏಳುತ್ತವೆ.

ಎಚ್ಚರ ಬೇಕಾದುದು ಇಲ್ಲಿಯೇ. ಬಾಳೆಯ ಒಂದು ಬುಡದಿಂದ ಹತ್ತು ಕಂದು ಎದ್ದರೆ ಗಿಡ ಹತ್ತಾಯಿತು, ವಂಶ ಒಂದೇ. ತಾಯಿಗೆ ತಗಲುವ ಸೊರಗುರೋಗ ಹತ್ತಕ್ಕೂ ತಗಲಬಲ್ಲುದು. ರೆಡ್‌ವುಡ್ಡಿನ ಬಳೆಯಲ್ಲಿಯೂ ಅನೇಕ ಕಡೆ ಹೀಗೆಯೇ. ಇಪ್ಪತ್ತು ಮರವೆಂದು ಎಣಿಸಿದುದು ಒಂದೇ ಜೀವದ ಪಡಿಯಚ್ಚಾಗಿರಬಹುದು. ಕಣ್ಣಿಗೆ ಇದು ತಿಳಿಯದು, ವಂಶವಾಹಿಗಳ ಪರೀಕ್ಷೆಯಿಂದಲೇ ತಿಳಿಯಬೇಕು. ಹೊಸ ವಂಶ ಹುಟ್ಟಬೇಕಾದರೆ ಬೀಜವೇ ಬೇಕು. ಇಷ್ಟು ದೊಡ್ಡ ಮರದ ಬೀಜವಾದರೋ ಟೊಮೆಟೊ ಬೀಜದಷ್ಟು. ಅದರಲ್ಲಿಯೂ ಮೊಳೆಯುವುದು ಕೊಂಚ.

ವಂಶಗಳು ಹಲವಿದ್ದರೆ ಏನು ಲಾಭ? ಅಲ್ಲಿ ಬೇಸಗೆಯಲ್ಲಿ ಮಳೆಯಿಲ್ಲ. ಕಡಲಿನಿಂದ ಬರುವ ಮಂಜು ಎಲೆಗಳಿಗೆ ತಾಗಿ ನೀರಾಗಿ ತೊಟ್ಟಿಕ್ಕುತ್ತದೆ. ಆ ಕಾಡಿಗೆ ವರುಷಕ್ಕೆ ಒದಗುವ ನೀರಿನಲ್ಲಿ ಸುಮಾರು ಮೂರರಲ್ಲೊಂದು ಪಾಲು ಈ ಮಂಜಿನದೆಂದು 1998ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಬಡಗಣ ಭಾಗದಲ್ಲಿ ಮಳೆ ಹೆಚ್ಚು, ತೆಂಕಣ ಭಾಗದಲ್ಲಿ ಒಣಗು ಹೆಚ್ಚು. ನಾಳೆ ಸೆಕೆ ಏರಿ ಮಂಜು ಇಳಿದರೆ ಯಾವ ವಂಶ ತಾಳೀತೆಂದು ಇಂದೇ ಆರಿಸಿ ಇಡಲಾಗದು. ಆದುದರಿಂದ ಎಲ್ಲವನ್ನೂ ಉಳಿಸಿಕೊಳ್ಳುವುದೇ ಜಾಣತನ.

ಈ ಮರದ ಕಣಕಣದಲ್ಲಿಯೂ ವರ್ಣತಂತುಗಳು ಆರು ಜತೆ, ಒಟ್ಟು 66. ಮನುಷ್ಯನಿಗೆ ಎರಡೇ ಜತೆ, 46. 2019ರಲ್ಲಿ ವಿಜ್ಞಾನಿಗಳು ಇದರ ವಂಶಲಿಪಿಯನ್ನು ಓದಿದರು. ಸುಮಾರು 2700 ಕೋಟಿ ಅಕ್ಷರಗಳ ಆ ಲಿಪಿ ನಮ್ಮದರ ಒಂಬತ್ತು ಪಾಲಿನಷ್ಟು ದೊಡ್ಡದು. ಒಂದೊಂದು ಮರದೊಳಗೂ ದೊಡ್ಡ ಭಂಡಾರ ಉಂಟೆಂದಾಯಿತು. ಆದರೆ ಒಂದು ಮನೆಯ ಪತ್ತಾಯ ತುಂಬಿದ್ದರೆ ಊರಿನ ಬಿತ್ತನೆಗೆ ಅದು ಸಾಕಾಗುವುದೆ?

ಅತಿ ದೊಡ್ಡ ಮರಗಳ ಚಿಗುರು ತೆಗೆದು ಅದರ ಪಡಿಯಚ್ಚುಗಳನ್ನು ಬೇರೆ ಕಡೆ ನೆಡುವವರೂ ಇದ್ದಾರೆ. ಅದು ಗೌರವದ ಕೆಲಸ. ಆದರೆ ಎತ್ತರದ ಮರವೆಂಬ ಕಾರಣದಿಂದ ಎಲ್ಲ ಕಡೆಯೂ ಅದನ್ನೇ ನೆಟ್ಟರೆ ಕಾಡು ತೋಟವಾದೀತು, ಕಾಡಾಗದು. ತೆಂಕಣ ಅಂಚಿನ ಒಂದು ಕುಳ್ಳು ತೋಪಿಗೂ ಹೈಪೀರಿಯನ್ನಿನಷ್ಟೇ ಕಾವಲು ಸಲ್ಲಬೇಕೆಂಬುದು ನಮ್ಮ ಅಭಿಪ್ರಾಯ.

ಇದರಲ್ಲಿ ಹೊಟ್ಟೆಯ ಪ್ರಶ್ನೆಯೂ ಇದೆ. 1978ರಲ್ಲಿ ರಾಷ್ಟ್ರೀಯ ಉದ್ಯಾನವನ್ನು ಹಿಗ್ಗಿಸಿದಾಗ ಮರ ಕಡಿದು ಬದುಕುವವರು ಬಲವಾಗಿ ವಿರೋಧಿಸಿದರು. ಅವರದು ತಪ್ಪೆಂದು ದೂರದಲ್ಲಿ ಕುಳಿತು ನಾವು ಹೇಳಲಾರೆವು. ಹಳೆಯ ಕಾಡನ್ನಂತೂ ಮುಟ್ಟಬಾರದು. ಕಡಿದ ಮೇಲೆ ಬೆಳೆದ ಎಳೆಯ ಕಾಡಿನಲ್ಲಿ ಮರ ತೆಗೆಯುವುದಿದ್ದರೆ ಬುಡವನ್ನು ಕೀಳದಿರಲಿ. ಬುಡವಿದ್ದಲ್ಲಿ ಹಳೆಯ ವಂಶ ಇನ್ನೂ ಜೀವಂತ. ಬುಡ ಕಿತ್ತು ಮನೆಯನ್ನೋ ಹೊಲವನ್ನೋ ಮಾಡಿದಲ್ಲಿ ಅದು ಮುಗಿಯಿತು. ಹೊಸದಾಗಿ ನೆಡುವಲ್ಲಿ ಆಯಾ ಸೀಮೆಯ ಹಲವು ಮರಗಳ ಬೀಜದಿಂದ ಎಬ್ಬಿಸಿದ ಸಸಿಗಳನ್ನು ನೆಡಲಿ. ಹೀಗಾದರೆ ಕೂಲಿಯೂ ಉಳಿದೀತು, ಕಾಡೂ ಉಳಿದೀತು.

ಅಷ್ಟು ದೂರದ ಮರದ ಮಾತು ನಮಗೇಕೆಂದು ಹಿರಿಯರು ನಗಬಹುದು. ಬಿತ್ತಿಗೆಂದು ಅಡಿಕೆ ಆರಿಸುವಾಗ ನಾವೂ ಎಲ್ಲವನ್ನೂ ಒಂದೇ ತಾಯಿಮರದಿಂದ ತೆಗೆಯುವುದಿಲ್ಲವೆ? ತೋಟದಲ್ಲಿ ಒಳ್ಳೆಯ ಮರ ಹತ್ತಿದ್ದರೆ ಹತ್ತರಿಂದಲೂ ತೆಗೆಯೋಣ. ಎರಡು ಸಾವಿರ ವರುಷ ಬಾಳುವ ಮರಕ್ಕೆ ಬೇಕಾದ ಎಚ್ಚರ ಅರುವತ್ತು ವರುಷ ಬಾಳುವ ಮರಕ್ಕೆ ಬೇಡವೆಂದು ಹೇಳುವವರು ಯಾರು?