ಹಣ ಯಾರದು, ಕೇಳುವವರು ಯಾರು?

ಕಳೆದ ತಿಂಗಳು ಪಕ್ಷದ ಕಚೇರಿಗೆ ಒಬ್ಬ ಹಿರಿಯ ಕಾರ್ಮಿಕರು ಬಂದಿದ್ದರು. ಮೂವತ್ತೆರಡು ವರ್ಷ ಗಿರಣಿಯ ನೂಲುವ ಖಾತೆಯಲ್ಲಿ ದುಡಿದು ನಿವೃತ್ತರಾದವರು. ಗ್ರಾಚ್ಯುಯಿಟಿ, ಪ್ರಾವಿಡೆಂಟ್ ಫಂಡು ಎರಡೂ ಸೇರಿ ಕೈಗೆ ಬಂದ ಹಣವನ್ನು ಬ್ಯಾಂಕಿನಲ್ಲಿಟ್ಟಿದ್ದರು. ಮನೆಗೆ ಮಾಳಿಗೆ ಹಾಕಿಸಲು ಅದರಲ್ಲಿ 4 ಲಕ್ಷ ರೂಪಾಯಿ ನಗದಾಗಿ ಬೇಕೆಂದು ಚೀಟಿ ಬರೆದುಕೊಟ್ಟರೆ ಮೊದಲು ಬಂದ ಪ್ರಶ್ನೆ, "ಇಷ್ಟು ಹಣ ಏತಕ್ಕೆ?" ಎರಡನೆಯದಾಗಿ ಬಂದ ಮಾತು, "ನಿಮ್ಮ ಕೆವೈಸಿ ಅವಧಿ ಮುಗಿದಿದೆ." ಆಧಾರ್ ಕಾರ್ಡು ತೋರಿಸಿದರೆ ಅದರಲ್ಲಿದ್ದ ಹೆಸರಿಗೂ ಪಾಸ್‌ಬುಕ್ಕಿನ ಹೆಸರಿಗೂ ಒಂದಕ್ಷರದ ವ್ಯತ್ಯಾಸ. ಖಾತೆಗೆ ಬೀಗ ಬಿತ್ತು. ಐದು ಸಲ ಅಲೆದರು. ಮುಂಗಡ ಕಾಣದ ಮೇಸ್ತ್ರಿ ಬೇರೆ ಕೆಲಸ ಹಿಡಿದ. ಅಷ್ಟರಲ್ಲಿ ಮಳೆ ಬಂತು. "ನನ್ನ ಹಣಕ್ಕೆ ನಾನೇ ಕಳ್ಳನ ಹಾಗೆ ನಿಂತಿದ್ದೆ ಮಾಸ್ತರೇ" ಎಂದು ಅವರು ಹೇಳಿದಾಗ ನಮಗೆ ಉತ್ತರ ಹೊಳೆಯಲಿಲ್ಲ.

ಇಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ನೀನು ಯಾರು ಎಂದು ಕೇಳುವುದು ಒಂದು. ನಿನ್ನ ಹಣ ನಿನಗೇಕೆ ಎಂದು ಕೇಳುವುದು ಇನ್ನೊಂದು. ಮೊದಲನೆಯದನ್ನು ನಾವು ವಿರೋಧಿಸುವುದಿಲ್ಲ. ಬೇರೆ ಯಾರೋ ನಮ್ಮ ಸಹಿ ಹಾಕಿ ಹಣ ಎತ್ತಬಾರದೆಂದರೆ ಬ್ಯಾಂಕು ಗುರುತು ಕೇಳಲೇಬೇಕು. ಎರಡನೆಯ ಪ್ರಶ್ನೆಗೆ ಉತ್ತರ ಒಪ್ಪಿಗೆಯಾದರೆ ಮಾತ್ರ ಹಣ ಎಂಬ ಧೋರಣೆಯನ್ನು ಮಾತ್ರ ನಾವು ಒಪ್ಪತಕ್ಕದ್ದಲ್ಲ.

ಈ "ಏತಕ್ಕೆ" ಎಂಬುದು ನಮ್ಮ ದೇಶದ ಕೌಂಟರುಗಳಲ್ಲಿ ದೊಡ್ಡ ದನಿಯಲ್ಲಿ ಕೇಳಿಬಂದದ್ದು 2016ರಲ್ಲಿ. ಆ ವರ್ಷದ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿ ನೋಟುಗಳು ರದ್ದಾದುವು. ಕೌಂಟರಿನಲ್ಲಿ ದಿನಕ್ಕೆ 10,000, ವಾರಕ್ಕೆ 20,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲವೆಂದು ಮೊದಲು ಕಟ್ಟು ಹಾಕಿದರು. ಒಂದೇ ಜನ ಮತ್ತೆ ಮತ್ತೆ ಸಾಲಿಗೆ ಬರುತ್ತಾರೆಂದು ಹೇಳಿ, ನೋಟು ಬದಲಿಸಿಕೊಂಡವರ ಬೆರಳಿಗೆ ಮಸಿ ಹಚ್ಚುವ ಅಪ್ಪಣೆಯೂ ಆಯಿತು. ನಮ್ಮ ಮೈಸೂರಿನ ಬಣ್ಣದ ಕಾರ್ಖಾನೆ ಮತದಾರನ ಬೆರಳಿಗೆಂದು 1962ರಿಂದ ಮಾಡಿಕೊಟ್ಟ ಮಸಿ, ಮತದ ಗುರುತಾಗಿದ್ದುದು, ಸಂಶಯದ ಗುರುತಾಯಿತು. ಮದುವೆಯ ಮನೆಯವರಿಗೆ ಎರಡೂವರೆ ಲಕ್ಷದವರೆಗೆ ಬಿಡುಗಡೆ ಕೊಟ್ಟರಾದರೂ ಅದಕ್ಕೆ ಲಗ್ನಪತ್ರಿಕೆ ತರಬೇಕು, ಮುಂಗಡ ಕೊಟ್ಟ ರಶೀದಿ ತರಬೇಕು, ಯಾರು ಯಾರಿಗೆ ಹಣ ಕೊಡುತ್ತೀರೆಂಬ ಪಟ್ಟಿ ತರಬೇಕು, ಆ ಪಟ್ಟಿಯಲ್ಲಿರುವವರಿಗೆ ಬ್ಯಾಂಕು ಖಾತೆ ಇಲ್ಲವೆಂಬ ಹೇಳಿಕೆಯನ್ನೂ ತರಬೇಕು. ಓಲಗದವನಿಂದ ಅಂತಹ ಹೇಳಿಕೆ ಬರೆಸಿಕೊಂಡು ಬನ್ನಿ ಎಂದರೆ ಹೆಣ್ಣು ಹೆತ್ತ ತಂದೆ ಏನು ಮಾಡಿಯಾನು! ಕೊನೆಗೆ ರಿಸರ್ವ್ ಬ್ಯಾಂಕಿನ 2017-18ರ ವರದಿಯೇ ಹೇಳಿದಂತೆ, ರದ್ದಾದ ನೋಟುಗಳ ಮೌಲ್ಯದಲ್ಲಿ ಶೇಕಡಾ 99.3ರಷ್ಟು ಬ್ಯಾಂಕಿಗೆ ಹಿಂದಿರುಗಿತು. ಕಪ್ಪು ಹಣ ಹಿಡಿಯುತ್ತೇವೆಂದು ಹಾಸಿದ ಬಲೆಯಲ್ಲಿ ಸಿಕ್ಕಿಬಿದ್ದವರು ಸಾಲಿನಲ್ಲಿ ನಿಂತವರು. ಆ ಕಟ್ಟುಗಳು ಹೋಗಿವೆ; ಪ್ರಶ್ನೆ ಕೇಳುವ ಚಾಳಿ ಹೋಗಿಲ್ಲ.

ಕಾನೂನು ಏನು ಹೇಳುತ್ತದೆ? ಅಕ್ರಮ ಹಣ ತಡೆಯುವ 2002ರ ಕಾಯಿದೆ ಜಾರಿಗೆ ಬಂದದ್ದು 2005ರ ಜುಲೈನಲ್ಲಿ. ಅದರ ನಿಯಮಗಳ ಪ್ರಕಾರ 10 ಲಕ್ಷ ರೂಪಾಯಿಗೆ ಮೀರಿದ ನಗದು ವ್ಯವಹಾರಗಳನ್ನು ಬ್ಯಾಂಕು ತಿಂಗಳು ತಿಂಗಳೂ ಕೇಂದ್ರ ಸರ್ಕಾರದ ಹಣಕಾಸು ಬೇಹು ಘಟಕಕ್ಕೆ ವರದಿ ಮಾಡಬೇಕು. ವರದಿ ಮಾಡುವುದು ಬ್ಯಾಂಕಿನ ಕೆಲಸ. ಹಾಗೆ ವರದಿ ಮಾಡಬೇಕೆಂಬ ಒಂದೇ ಕಾರಣಕ್ಕೆ ಹಣ ತಡೆಹಿಡಿಯಬೇಕೆಂದು ಅದರಲ್ಲಿಲ್ಲ. ವರ್ಷಕ್ಕೆ ಒಟ್ಟು 20 ಲಕ್ಷ ನಗದು ತೆಗೆಯುವವರು ಪ್ಯಾನ್ ಅಥವಾ ಆಧಾರ್ ಸಂಖ್ಯೆ ಕೊಡಬೇಕೆಂಬ ನಿಯಮ 2022ರ ಮೇ ತಿಂಗಳಲ್ಲಿ ಬಂತು. ನಮ್ಮ ಕಾರ್ಮಿಕರ 4 ಲಕ್ಷ ಈ ಗೆರೆಗಳ ಹತ್ತಿರಕ್ಕೂ ಬರುವುದಿಲ್ಲ.

ಇನ್ನು ಕೆವೈಸಿ. ಗಿರಾಕಿ ಯಾರೆಂದು ಬ್ಯಾಂಕು ತಿಳಿದಿರತಕ್ಕದ್ದು ಎಂಬುದೇ ಅದರ ಅರ್ಥ. ಹೆಚ್ಚು ಅಪಾಯದವರೆಂದು ಬ್ಯಾಂಕು ಎಣಿಸಿದವರ ವಿವರಗಳನ್ನು ಎರಡು ವರ್ಷಕ್ಕೊಮ್ಮೆ, ಮಧ್ಯಮದವರದನ್ನು ಎಂಟು ವರ್ಷಕ್ಕೊಮ್ಮೆ, ಕಡಮೆ ಅಪಾಯದವರದನ್ನು ಹತ್ತು ವರ್ಷಕ್ಕೊಮ್ಮೆ ಹೊಸದು ಮಾಡಬೇಕೆಂದು ರಿಸರ್ವ್ ಬ್ಯಾಂಕು ಗೊತ್ತುಮಾಡಿತು. ಸಂಬಳದ ಗಿರಣಿ ಕಾರ್ಮಿಕ ಸಾಮಾನ್ಯವಾಗಿ ಕಡಮೆ ಅಪಾಯದವನೇ. ವಿವರಗಳಲ್ಲಿ ಬದಲಾವಣೆ ಇಲ್ಲದಿದ್ದರೆ "ಬದಲಾವಣೆ ಇಲ್ಲ" ಎಂಬ ಸ್ವಂತ ಹೇಳಿಕೆ ಸಾಕು ಎಂದು ಅದೇ ರಿಸರ್ವ್ ಬ್ಯಾಂಕು 2023ರ ಜನವರಿಯಲ್ಲಿ ಸ್ಪಷ್ಟಪಡಿಸಿತು. 2025ರ ಜೂನ್ ತಿಂಗಳ ಸುತ್ತೋಲೆಯಲ್ಲಂತೂ, ಜನಧನ ಖಾತೆಗಳಲ್ಲೂ ಸರ್ಕಾರದ ಸಹಾಯಧನ ಜಮೆಯಾಗುವ ಖಾತೆಗಳಲ್ಲೂ ಈ ಕೆಲಸ ಬಹಳ ಬಾಕಿ ಉಳಿದಿದೆಯೆಂದು ಒಪ್ಪಿಕೊಂಡು, ಅವಧಿ ಮುಗಿಯುವ ಮೊದಲು ಗಿರಾಕಿಗೆ ಕಡಮೆಯೆಂದರೆ ಮೂರು ಸಲ ತಿಳಿಸಬೇಕು, ಅದರಲ್ಲಿ ಒಂದಾದರೂ ಕಾಗದದ ಮೂಲಕ ಇರಬೇಕು, ಮುಗಿದ ಮೇಲೂ ಮತ್ತೆ ಮೂರು ಜ್ಞಾಪನ ಕೊಡಬೇಕು ಎಂದಿತು. ಕಡಮೆ ಅಪಾಯದವರಿಗೆ ಅವಧಿ ಮುಗಿದ ಮೇಲೆ ಒಂದು ವರ್ಷ, ಇಲ್ಲವೇ 2026ರ ಜೂನ್ 30, ಯಾವುದು ತಡವೋ ಅಲ್ಲಿಯವರೆಗೆ ವ್ಯವಹಾರ ನಡೆಸಲು ಬಿಡಬೇಕೆಂದೂ ಹೇಳಿತು. ನಮ್ಮ ಬಳಿಗೆ ಬಂದವರನ್ನು ಕೇಳಿದೆವು: ಕಾಗದ ಬಂದಿತ್ತೆ? ಇಲ್ಲ. ಮೊಬೈಲಿಗೆ ಇಂಗ್ಲಿಷಿನಲ್ಲಿ ಏನೋ ಬಂದಿತ್ತಂತೆ. ಲಾಟರಿಯವರದಿರಬೇಕೆಂದು ಅಳಿಸಿದರಂತೆ. ಬೇರೆಯವರು ಹೇಳಿಕೊಟ್ಟಿದ್ದ ಎಚ್ಚರಿಕೆಯನ್ನೇ ಅವರು ಪಾಲಿಸಿದ್ದು!

ಹೆಸರಿನ ಒಂದಕ್ಷರದ ವಿಷಯಕ್ಕೆ ಬಂದರೆ ನಮ್ಮ ತಪ್ಪನ್ನೂ ಒಪ್ಪಬೇಕಾಗುತ್ತದೆ. ಈ ಕೆಲಸಕ್ಕೆ ಬರುವ ಮುನ್ನ ನಾವು ಶಾಲೆಯಲ್ಲಿ ಹಾಜರಿ ಪುಸ್ತಕ ಬರೆದವರು. ಮಗುವಿನ ಜನ್ಮದಿನ ತಾಯಿಗೆ ನೆನಪಿಲ್ಲದಿದ್ದರೆ ಜೂನ್ 1 ಎಂದು ಬರೆದು ಮುಗಿಸುತ್ತಿದ್ದುದು ಮಾಸ್ತರರ ಹಳೆಯ ರೂಢಿ. ನಮ್ಮ ತಾಲ್ಲೂಕುಗಳಲ್ಲಿ ಜೂನ್ 1ರಂದು ಹುಟ್ಟಿದವರ ಸಂಖ್ಯೆ ನೋಡಿದರೆ ಆ ದಿನ ಸೂಲಗಿತ್ತಿಯರಿಗೆ ಊಟಕ್ಕೂ ಬಿಡುವಿರಲಿಲ್ಲವೆಂದು ತೋರುತ್ತದೆ. ಮಲ್ಲಪ್ಪ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬರು ಒಂದು 'ಎಲ್' ಹಾಕಿ, ಇನ್ನೊಬ್ಬರು ಎರಡು ಹಾಕಿ ಬರೆದರು. ಊರಿನ ಹೆಸರು ಕೆಲವು ಕಾಗದಗಳಲ್ಲಿ ಮುಂದೆ, ಕೆಲವುಗಳಲ್ಲಿ ಹಿಂದೆ. ಆಗ ಯಾರಿಗೂ ತೊಂದರೆಯಾಗಲಿಲ್ಲ, ಏಕೆಂದರೆ ಮನುಷ್ಯರು ಮನುಷ್ಯರನ್ನು ನೋಡಿ ಗುರುತಿಸುತ್ತಿದ್ದರು. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕು ಪಿಗ್ಮಿ ಠೇವಣಿ ಆರಂಭಿಸಿದಾಗ ಏಜೆಂಟನು ಅಂಗಡಿಯ ಬಾಗಿಲಿಗೆ, ನೇಕಾರನ ಮಗ್ಗದ ಬಳಿಗೆ ಬಂದು ದಿನಕ್ಕೆ ಎರಡಾಣೆ ಒಯ್ಯುತ್ತಿದ್ದ. ಅವನಿಗೆ ಮನೆಯ ಹೆಸರು, ಮಕ್ಕಳ ಹೆಸರು ಎಲ್ಲ ಗೊತ್ತು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಮೈಸೂರು ಬ್ಯಾಂಕು, ವಿಜಯಾ ಬ್ಯಾಂಕು, ಕಾರ್ಪೊರೇಷನ್ ಬ್ಯಾಂಕುಗಳೂ 2017ರಿಂದ 2020ರೊಳಗೆ ದೊಡ್ಡ ಬ್ಯಾಂಕುಗಳೊಳಗೆ ಹೋದುವು. ಈಗ ನಮ್ಮನ್ನು ಬಲ್ಲದ್ದು ಯಂತ್ರ, ಮತ್ತು ಯಂತ್ರಕ್ಕೆ ಎರಡು 'ಎಲ್' ಬೇಕು.

ಆಧಾರ್ ಒಂದೇ ಗುರುತು ಎಂದು ಕೌಂಟರಿನಲ್ಲಿ ಹೇಳಿದರೆ ಅದೂ ಸರಿಯಲ್ಲ. ಬ್ಯಾಂಕು ಖಾತೆಗೆ ಆಧಾರ್ ಜೋಡಣೆಯನ್ನು ಕಡ್ಡಾಯ ಮಾಡಿದ್ದ ನಿಯಮವನ್ನು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 26ರಂದು ರದ್ದುಮಾಡಿತು. ಆ ಮೊಕದ್ದಮೆಯ ಮೊದಲ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬುದನ್ನು ವಾಚಕರು ನೆನಪಿಡಬೇಕು. ಮತದಾರರ ಗುರುತುಚೀಟಿ, ಚಾಲನಾ ಪರವಾನಗಿ, ಉದ್ಯೋಗ ಖಾತ್ರಿಯ ಜಾಬ್ ಕಾರ್ಡು ಇವೂ ಗುರುತಿಗೆ ನಡೆಯುವ ಕಾಗದಗಳೇ. ಸರ್ಕಾರದ ಸಹಾಯಧನ ಪಡೆಯುವ ಖಾತೆಯ ಮಾತು ಬೇರೆ.

ಸಣ್ಣ ವರ್ತಕರ ಗೋಳು ಇನ್ನೊಂದು ಬಗೆಯದು. 2019ರ ಸೆಪ್ಟೆಂಬರ್ 1ರಿಂದ ವರ್ಷಕ್ಕೆ ಒಂದು ಕೋಟಿಗೆ ಮೀರಿ ನಗದು ತೆಗೆದರೆ ಮೀರಿದ ಹಣಕ್ಕೆ ಶೇಕಡಾ 2 ಮುಂಗಡ ತೆರಿಗೆ ಹಿಡಿಯುವ ನಿಯಮ ಬಂತು. ಅದಕ್ಕೆ ನಮ್ಮ ತಕರಾರಿಲ್ಲ. 2020ರ ಜುಲೈ 1ರಿಂದ, ಹಿಂದಿನ ಮೂರು ವರ್ಷ ಆದಾಯದ ರಿಟರ್ನು ಸಲ್ಲಿಸದವರಿಗೆ ಆ ಗೆರೆಯನ್ನು 20 ಲಕ್ಷಕ್ಕೆ ಇಳಿಸಿದರು. ಸಂತೆಯ ದಿನ ಮಾಲು ಕೊಳ್ಳಲು ವಾರಕ್ಕೆ 40,000 ತೆಗೆಯುವ ಮೆಣಸಿನಕಾಯಿ ವ್ಯಾಪಾರಿಯ ಲೆಕ್ಕ 52 ವಾರಕ್ಕೆ 20 ಲಕ್ಷದ 80 ಸಾವಿರವಾಗುತ್ತದೆ. ಅದೇ ಹಣ ಮತ್ತೆ ಮತ್ತೆ ಒಳಗೆ ಹೋಗಿ ಹೊರಗೆ ಬಂದದ್ದು. ಲಾಭ ತೆರಿಗೆಯ ಮಟ್ಟ ಮುಟ್ಟದಿದ್ದರೂ ಸರ್ಕಾರದ ಕಣ್ಣಿಗೆ ಅವನು ಇಪ್ಪತ್ತು ಲಕ್ಷದ ಕುಳ. ಕಡಿತದ ಮೊತ್ತ ಸಣ್ಣದು, ರಿಟರ್ನು ಹಾಕಿದರೆ ಹಿಂದೆ ಬರುವಂಥದು, ನಿಜ. ಆದರೆ ವಹಿವಾಟನ್ನೇ ಆದಾಯವೆಂದು ತಿಳಿಯುವ ಬುದ್ಧಿ ಒಳ್ಳೆಯದಲ್ಲ.

ದೊಡ್ಡವರ ಕಥೆ ಚಿಕ್ಕದು. ಪಂಜಾಬ್ ನ್ಯಾಷನಲ್ ಬ್ಯಾಂಕಿನ ಮುಂಬಯಿಯ ಒಂದು ಶಾಖೆಯಿಂದ ನೀರವ್ ಮೋದಿ ಮತ್ತು ಮೆಹುಲ್ ಚೋಕ್ಸಿಯವರ ಕಂಪನಿಗಳ ಹೆಸರಿನಲ್ಲಿ ಹೊರಟ ಖಾತ್ರಿಪತ್ರಗಳು ಬ್ಯಾಂಕಿನ ಮುಖ್ಯ ಲೆಕ್ಕದಲ್ಲೇ ದಾಖಲಾಗಿರಲಿಲ್ಲವೆಂಬುದು 2018ರ ಫೆಬ್ರವರಿಯಲ್ಲಿ ಬಯಲಾಯಿತು; ಮೊತ್ತ 13,000 ಕೋಟಿ ರೂಪಾಯಿಗೂ ಹೆಚ್ಚು. ಅವರ ಹೆಸರಿನ ಕಾಗುಣಿತದ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ.

ಕೌಂಟರಿನ ಗುಮಾಸ್ತರನ್ನು ನಾವು ದೂರುತ್ತಿಲ್ಲ. ನಾಲ್ವರ ಕೆಲಸ ಇಬ್ಬರು ಮಾಡುತ್ತಿದ್ದಾರೆ. ತಪ್ಪಾದರೆ ಅವರ ಮೇಲೆಯೇ ವಿಚಾರಣೆ. ಪೊಲೀಸರೆಂದು ಹೇಳಿಕೊಂಡು ಫೋನಿನಲ್ಲಿ ಬೆದರಿಸಿ ಮುದುಕರಿಂದ ಹಣ ಕೀಳುವ "ಡಿಜಿಟಲ್ ಅರೆಸ್ಟ್" ವಂಚನೆ ಹೆಚ್ಚಿರುವಾಗ, ಗಾಬರಿಗೊಂಡು ಬಂದವರನ್ನು "ಯಾರಾದರೂ ಹೆದರಿಸಿದರೇ?" ಎಂದು ವಿಚಾರಿಸುವ ಗುಮಾಸ್ತ ಉಪಕಾರವನ್ನೇ ಮಾಡುತ್ತಾನೆ. ಹಾಗೆ ವಿಚಾರಿಸುವುದು ಬೇರೆ, ಕಾರಣ ಒಪ್ಪಿಸುವವರೆಗೆ ಹಣ ಕೊಡೆನೆನ್ನುವುದು ಬೇರೆ.

ನಮ್ಮ ಬೇಡಿಕೆ ಇಷ್ಟೆ. ಖಾತೆ ತಡೆದರೆ ಯಾವ ನಿಯಮದ ಮೇಲೆ ತಡೆದರೆಂದು ಅದೇ ದಿನ ಕನ್ನಡದಲ್ಲಿ ಬರೆದುಕೊಡಬೇಕು. ಜ್ಞಾಪನ ಕಾಗದಗಳು ಕನ್ನಡದಲ್ಲಿ, ಮನೆಯ ಬಾಗಿಲಿಗೆ ಬರಬೇಕು. ಒಂದಕ್ಷರದ ವ್ಯತ್ಯಾಸಕ್ಕೆ, ಭಾವಚಿತ್ರ ಹೊಂದುವಾಗ, ಗಿರಾಕಿಯ ಹೇಳಿಕೆಯನ್ನು ಮ್ಯಾನೇಜರು ತಾವೇ ಒಪ್ಪಿಕೊಳ್ಳುವ ಅಧಿಕಾರವಿರಬೇಕು. ಈ ಪತ್ರವನ್ನು ಜಿಲ್ಲೆಯ ಲೀಡ್ ಬ್ಯಾಂಕಿನ ಅಧಿಕಾರಿಗಳಿಗೆ ಈ ವಾರ ಸಲ್ಲಿಸುತ್ತಿದ್ದೇವೆ.

ಇಂತಹ ತೊಂದರೆಯಲ್ಲಿರುವವರು ಮೊದಲು ಶಾಖೆಗೆ ಲಿಖಿತ ದೂರು ಕೊಟ್ಟು ರಶೀದಿ ಪಡೆಯಲಿ. ಮೂವತ್ತು ದಿನದೊಳಗೆ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು, ಅದಕ್ಕೆ ಶುಲ್ಕವಿಲ್ಲ. ಬರೆಯಲು ಬಾರದವರು ಭಾನುವಾರ ಬೆಳಿಗ್ಗೆ ಹತ್ತು ಗಂಟೆಯಿಂದ ಪಕ್ಷದ ಕಚೇರಿಗೆ ಬರಬಹುದು. ಪಾಸ್‌ಬುಕ್ಕು, ಗುರುತಿನ ಕಾಗದಗಳು, ಬ್ಯಾಂಕಿನಿಂದ ಬಂದ ಪತ್ರ ಇದ್ದರೆ ಅದೂ ಜೊತೆಯಲ್ಲಿರಲಿ. ಮೊಬೈಲಿನಲ್ಲಿ ಬಂದ ಸಂದೇಶಗಳನ್ನು ಅಳಿಸದೆ ತನ್ನಿ. ಆದರೆ ಅದರಲ್ಲಿ ಒತ್ತಲು ಹೇಳಿದ್ದನ್ನು ಒತ್ತಬೇಡಿ, ಯಾವ ಗುಪ್ತ ಸಂಖ್ಯೆಯನ್ನೂ ಯಾರಿಗೂ, ನಮಗೂ ಸಹ, ಹೇಳಬೇಡಿ.