ಸಿಂಹಾಸನ ಉಳಿಯಿತು, ಅಧಿಕಾರ ಹೋಯಿತು

ವಿಯೆಟ್ನಾಂನ ಕೊನೆಯ ದೊರೆ ಬಾವೊ ದಾಯ್ 1945ರ ಆಗಸ್ಟ್ 30ರಂದು ಹುಯೇ ನಗರದಲ್ಲಿ ಸಿಂಹಾಸನ ತ್ಯಜಿಸಿದ. ರಾಜಪ್ರಭುತ್ವ ಅಂದೇ ಕೊನೆಗೊಂಡಿತು ಎನ್ನುತ್ತೇವೆ. ನನ್ನ ಅಭಿಪ್ರಾಯದಲ್ಲಿ ಅದರ ಉಸಿರು 60 ವರ್ಷ ಮೊದಲೇ ನಿಂತಿತ್ತು.

1802ರಲ್ಲಿ ಆರಂಭವಾದ ನುಯೆನ್ ವಂಶ, 1862ರ ಒಪ್ಪಂದದಲ್ಲಿ ದಕ್ಷಿಣದ ಮೂರು ಪ್ರಾಂತ್ಯಗಳನ್ನು ಫ್ರಾನ್ಸಿಗೆ ಬಿಟ್ಟುಕೊಟ್ಟಿತು. 1867ರಲ್ಲಿ ಇನ್ನೂ ಮೂರು ಕೈತಪ್ಪಿದವು. ಸುಧಾರಣೆ ಬೇಕೆಂದು ನುಯೆನ್ ಟ್ರುವಾಂಗ್ ಟೊ ಎಂಬ ವಿದ್ವಾಂಸ ಮನವಿಗಳ ಮೇಲೆ ಮನವಿ ಬರೆದರೂ ಆಸ್ಥಾನ ಎಚ್ಚೆತ್ತುಕೊಳ್ಳಲಿಲ್ಲ. ಇದು ಆಸ್ಥಾನದ್ದೇ ತಪ್ಪು. 1884ರ ಒಪ್ಪಂದದ ನಂತರ ಅರಮನೆಯಲ್ಲಿ ಅರಸನಿದ್ದ. ಆಜ್ಞೆ ಮಾತ್ರ ಫ್ರೆಂಚರದ್ದಾಗಿತ್ತು.

ಹಾಗೆಂದು ಆ ಅರಸರೆಲ್ಲ ಹೇಡಿಗಳು ಎನ್ನುವುದನ್ನು ನಾನು ಒಪ್ಪುವುದಿಲ್ಲ. 1885ರಲ್ಲಿ ಅರಮನೆ ತೊರೆದು ಬೆಟ್ಟಗಾಡು ಸೇರಿ ಹೋರಾಟಕ್ಕೆ ಕರೆ ಕೊಟ್ಟಾಗ ಹಾಮ್ ನ್ಯಿಗೆ 14 ವರ್ಷವೂ ತುಂಬಿರಲಿಲ್ಲ. 1888ರಲ್ಲಿ ಸೆರೆಸಿಕ್ಕ ಅವನನ್ನು ಅಲ್ಜೀರಿಯಾಕ್ಕೆ ಗಡೀಪಾರು ಮಾಡಿದರು. 1907ರಲ್ಲಿ ಫ್ರೆಂಚರು ಪುಟ್ಟ ಬಾಲಕ ಡುಯ್ ತಾನ್‌ನನ್ನು ಪಟ್ಟಕ್ಕೆ ಕೂರಿಸಿದರು. ಅವನೂ 1916ರಲ್ಲಿ, ಹೆಚ್ಚುಕಡಿಮೆ ನಮ್ಮ ವಯಸ್ಸಿನಲ್ಲೇ, ದಂಗೆಗೆ ಕೈಜೋಡಿಸಿ ರಿಯೂನಿಯನ್ ದ್ವೀಪಕ್ಕೆ ಗಡೀಪಾರಾದ. ತಲೆಬಾಗಿದವರಿಗೆ ಸಿಂಹಾಸನ, ತಲೆ ಎತ್ತಿದವರಿಗೆ ಸಮುದ್ರದಾಚೆಯ ಸೆರೆ. ಇದು ವಸಾಹತುಶಾಹಿಯ ಲೆಕ್ಕ.

ಗೆಳೆಯರೇ, ಇಸವಿಗಳನ್ನು ಬಾಯಿಪಾಠ ಮಾಡಿದರೆ ಅಂಕ ಬರಬಹುದು. ಆದರೆ ಇತಿಹಾಸ ಅರ್ಥವಾಗಬೇಕಾದರೆ ಗದ್ದುಗೆಯಲ್ಲಿ ಕುಳಿತವನು ಯಾರು ಎಂದಷ್ಟೇ ಕೇಳಿದರೆ ಸಾಲದು, ತೀರ್ಮಾನ ಮಾಡುವವನು ಯಾರು ಎಂದೂ ಕೇಳಬೇಕು.